ನೀರು ಮಾರುವವನೂ ಹೊಣೆ ಮಾರಿದವನೂ

ನಗರಗಳ ನೀರಿನ ವಿಷಯದಲ್ಲಿ ಈಚೆಗೆ ಒಂದು ಹೊಸ ಶಾಸ್ತ್ರ ಹುಟ್ಟಿಕೊಂಡಿದೆ. ಪುರಸಭೆ, ನಗರಸಭೆ, ಜಲಮಂಡಲಿಗಳು ಎಲ್ಲರಿಗೂ ನೀರು ಕೊಡಲಾರವು. ಅವು ಕೊಡಲಾರದ ಕಡೆ ಟ್ಯಾಂಕರಿನವರು, ಕ್ಯಾನಿನವರು, ಸ್ವಂತ ಕೊಳವೆ ಬಾವಿಯಿಂದ ನೀರು ಮಾರುವವರು ಹೇಗೂ ಆ ಕೆಲಸ ಮಾಡುತ್ತಿದ್ದಾರೆ. ಆದುದರಿಂದ ಇವರನ್ನು ಒಪ್ಪಿಕೊಂಡು, ಇವರಿಗೊಂದು ಸ್ಥಾನ ಕೊಟ್ಟು, ಸರ್ಕಾರ ಪಕ್ಕಕ್ಕೆ ಸರಿದು ನಿಂತರೆ ಸಾಕು, ನೀರಿನ ತೊಂದರೆ ತಾನಾಗಿಯೇ ಬಗೆಹರಿಯುತ್ತದೆ ಎಂಬುದು ಆ ಶಾಸ್ತ್ರದ ಸಾರ. ಸಣ್ಣ ಖಾಸಗಿ ಪೂರೈಕೆದಾರರು ಎಂದು ಇವರಿಗೆ ಗೌರವದ ಹೆಸರನ್ನೂ ಇಟ್ಟಿದ್ದಾರೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಕೂಗೂ ಉಂಟು. ಬೇಸಿಗೆ ಬಂತೆಂದರೆ ಟ್ಯಾಂಕರಿನವರೇ ಸಕಲ ಪಾಪಕ್ಕೂ ಮೂಲವೆಂದು ಮಂತ್ರಿಗಳು ಗುಡುಗುತ್ತಾರೆ. ಪತ್ರಿಕೆಗಳು ಮಾಫಿಯಾ ಎಂದು ದಪ್ಪಕ್ಷರದಲ್ಲಿ ಬರೆಯುತ್ತವೆ. ನಾಲ್ಕು ಲಾರಿ ಹಿಡಿದು ದಂಡ ಹಾಕುತ್ತಾರೆ. ಮೊದಲ ಮಳೆ ಬಿದ್ದ ಮರುದಿನ ಗುಡುಗಿದವರೂ ಮರೆಯುತ್ತಾರೆ, ಬರೆದವರೂ ಮರೆಯುತ್ತಾರೆ.

ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ನೀರು ಮಾರುವವನನ್ನು ದೇವರೆನ್ನುವವರೂ ದೆವ್ವವೆನ್ನುವವರೂ ಸೇರಿ ಮಾಡುತ್ತಿರುವುದು ಒಂದೇ ಕೆಲಸ: ನೀರು ಕೊಡುವ ಹೊಣೆಯನ್ನು ಹೊತ್ತು, ಅದನ್ನು ಸದ್ದಿಲ್ಲದೆ ಮಾರಿಕೊಂಡವರ ಮೇಲೆ ಜನರ ಕಣ್ಣು ಬೀಳದಂತೆ ಅಡ್ಡ ನಿಲ್ಲುವುದು. ಆ ಪರದೆಯನ್ನು ಸರಿಸುವುದೇ ಈ ಲೇಖನದ ಉದ್ದೇಶ.

ಇವರು ಯಾರು?

ಹಳೆಯ ಲಾರಿಯ ಮೇಲೆ ತೊಟ್ಟಿ ಕೂರಿಸಿ, ಸಾಲದ ಕಂತು ಕಟ್ಟುತ್ತ ಓಡಿಸುವವನು ಒಬ್ಬ. ಬೆಳೆ ಕೈಕೊಟ್ಟ ವರ್ಷ ಟ್ರ್ಯಾಕ್ಟರಿಗೆ ಟ್ಯಾಂಕು ಕಟ್ಟಿ ಊರಿಗೆ ನೀರು ಹೊಡೆಯುವ ರೈತ ಇನ್ನೊಬ್ಬ. ಆಟೋದಲ್ಲಿ 20 ಲೀಟರಿನ ಕ್ಯಾನುಗಳನ್ನು ಪೇರಿಸಿಕೊಂಡು ಬಂದು, ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿಳಿಯುವ ಹುಡುಗ ಮತ್ತೊಬ್ಬ. ತಳ್ಳುಗಾಡಿಯಲ್ಲಿ ಕೊಡಗಳನ್ನಿಟ್ಟುಕೊಂಡು ಚಹದಂಗಡಿಗೂ ಕ್ಷೌರದಂಗಡಿಗೂ ನೀರು ಮುಟ್ಟಿಸುವವನು ಮಗದೊಬ್ಬ. ಇವರಲ್ಲಿ ಬಹುಪಾಲು ಜನ ದುಡಿಯುವವರು, ನಮ್ಮ ನಿಮ್ಮಂಥವರು. ಡೀಸೆಲ್ಲಿನ ಬೆಲೆ, ಟೈರಿನ ಸವಕಳಿ, ರಸ್ತೆಯಲ್ಲಿ ಕೈಯೊಡ್ಡುವವರ ಮಾಮೂಲು, ಎಲ್ಲವನ್ನೂ ಕಳೆದು ಉಳಿದದ್ದು ಅವರ ಕೂಲಿ.

ಇವರೆಲ್ಲರ ಹಿಂದೆ, ಬೆಳಕಿಗೆ ಬಾರದೆ ಕುಳಿತವನು ಕೊಳವೆ ಬಾವಿಯ ಧಣಿ. ಅವನಿಗೆ ಲಾರಿ ಬೇಡ, ಗಿರಾಕಿಯ ಬೈಗುಳ ಬೇಡ. ನೆಲ ಅವನದು, ನೆಲದಡಿಯ ನೀರಿಗೆ ಟ್ಯಾಂಕರಿಗೆ ಇಷ್ಟೆಂದು ಎಣಿಸಿಕೊಳ್ಳುತ್ತಾನೆ. ನೀರಿನ ಅಭಾವ ಹೆಚ್ಚಿದಷ್ಟೂ ಲಾರಿಯವನ ಸಾಲುನಿಲ್ಲುವ ಹೊತ್ತು ಹೆಚ್ಚುತ್ತದೆ, ಧಣಿಯ ದರ ಹೆಚ್ಚುತ್ತದೆ. ದರ ಏರಿತೆಂದು ಬೈಸಿಕೊಳ್ಳುವವನು ಮಾತ್ರ ನಮ್ಮ ಬಾಗಿಲಿಗೆ ಬಂದ ಡ್ರೈವರು. ಸಣ್ಣ ಪೂರೈಕೆದಾರ ಎಂಬ ಒಂದೇ ಹೆಸರಿನಲ್ಲಿ ಕೂಲಿಯವನನ್ನೂ ಧಣಿಯನ್ನೂ ಒಟ್ಟಿಗೆ ಕಟ್ಟುವುದು ಈ ಶಾಸ್ತ್ರದ ಮೊದಲನೆಯ ಮೋಸ.

ಲೆಕ್ಕ ಹಾಕಿ ನೋಡೋಣ

ಎರಡನೆಯ ಮೋಸ ಬೆಲೆಯದು. ಬಡವರು ಟ್ಯಾಂಕರಿನ ನೀರಿಗೆ ಹಣ ಕೊಡುತ್ತಲೇ ಇದ್ದಾರೆ, ಆದುದರಿಂದ ಅವರಿಗೆ ಕೊಡುವ ಶಕ್ತಿಯಿದೆ ಎನ್ನುತ್ತಾರೆ. ಬೆಂಕಿ ಬಿದ್ದ ಮನೆಯವನು ಕೇಳಿದಷ್ಟು ಕೊಟ್ಟು ನೀರು ಕೊಂಡರೆ ಅದನ್ನು ಶಕ್ತಿಯೆನ್ನಬಹುದೆ? ಕರಿಹಲಗೆಯ ಮೇಲೆ ಬರೆದಂತೆ ಲೆಕ್ಕ ಹಾಕೋಣ.

ಐದು ಜನರ ಒಂದು ಸಂಸಾರ ತಿಂಗಳಿಗೆ 8,000 ಲೀಟರ್ ಬಳಸಿತೆನ್ನಿ. ತಲೆಗೆ ದಿನವೊಂದಕ್ಕೆ 53 ಲೀಟರ್. ಇದು ಧಾರಾಳವೇನೂ ಅಲ್ಲ. ಬೆಂಗಳೂರು ಜಲಮಂಡಲಿ 2014ರಿಂದ 2025ರವರೆಗೆ ಮನೆಬಳಕೆಯ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿಯಂತೆ ತೆಗೆದುಕೊಳ್ಳುತ್ತಿತ್ತು. ಅಂದರೆ ಆ ಸಂಸಾರದ ನೀರಿನ ದರ 56 ರೂಪಾಯಿ. 2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಅದೇ 8,000 ಲೀಟರಿಗೆ ನಲ್ಲಿಯವನು 56 ರೂಪಾಯಿ ಕೊಟ್ಟರೆ ನಲ್ಲಿಯಿಲ್ಲದವನು 700 ಕೊಡಬೇಕು, ಹನ್ನೆರಡೂವರೆ ಪಟ್ಟು! ಇದು ಸುಲಿಗೆಯ ದರವಲ್ಲ. ಸುಲಿಗೆಯನ್ನು ತಡೆಯಲೆಂದು ಸರ್ಕಾರವೇ ಮಾಡಿದ ನ್ಯಾಯದ ದರ. 2025ರ ಏಪ್ರಿಲಿನಲ್ಲಿ ಜಲಮಂಡಲಿ ತನ್ನ ದರವನ್ನು ಏರಿಸಿತು. ಏರಿಸಿದ ಮೇಲೂ ಅದು ಟ್ಯಾಂಕರಿನ ದರದ ಹತ್ತಿರಕ್ಕೆ ಬರಲಿಲ್ಲ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. 8,000 ಲೀಟರ್ ಒಂದೇ ಸಲ ಕೊಳ್ಳಬೇಕಾದರೆ ಅದನ್ನು ಇಳಿಸಿಕೊಳ್ಳಲು ನೆಲದಡಿಯಲ್ಲಿ ಸಂಪು ಬೇಕು. ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿರುವವನಿಗೆ ಸಂಪು ಎಲ್ಲಿಂದ ಬರಬೇಕು? ಅವನ ಬಳಿ ಇರುವುದು ಒಂದು ಡ್ರಮ್ಮು, ನಾಲ್ಕು ಕೊಡ. ಸಗಟು ದರ ಸಂಪುಳ್ಳವನಿಗೆ. ಬಿಡಿ ದರ ಕೊಡವುಳ್ಳವನಿಗೆ. ಅಕ್ಕಿಯನ್ನು ಮೂಟೆಯಲ್ಲಿ ಕೊಳ್ಳುವವನಿಗೂ ಪಾವಿನಲ್ಲಿ ಕೊಳ್ಳುವವನಿಗೂ ಇರುವ ವ್ಯತ್ಯಾಸ ನಮ್ಮ ಅಂಗಡಿಕಾರ ಮಿತ್ರರಿಗೆ ಚೆನ್ನಾಗಿ ಗೊತ್ತು. ನೀರಿನಲ್ಲಿಯೂ ಅದೇ ನ್ಯಾಯ ನಡೆಯುತ್ತಿದೆ: ಹೆಚ್ಚು ಬಡವನು ಲೀಟರೊಂದಕ್ಕೆ ಹೆಚ್ಚು ತೆರುತ್ತಾನೆ. ಕುಡಿಯುವ ನೀರಿನ 20 ಲೀಟರ್ ಕ್ಯಾನಿಗೆ 30 ರೂಪಾಯಿ ಎಂದು ಹಿಡಿದರೆ ಸಾವಿರ ಲೀಟರಿಗೆ 1,500 ರೂಪಾಯಿ ಆಯಿತು. ಪಾಳಿ ಮುಗಿಸಿ ಬಂದ ಗಿರಣಿಯ ಕೆಲಸಗಾರನ ಕೂಲಿಯಲ್ಲಿ ಇದು ಕಡಿತವಲ್ಲದೆ ಮತ್ತೇನು? ವೇತನದ ಚೀಟಿಯಲ್ಲಿ ಕಾಣದ ಕಡಿತ. ಚಹದಂಗಡಿಯವನಿಗಂತೂ ಹಾಲಿನ ಲೆಕ್ಕ, ಸಕ್ಕರೆಯ ಲೆಕ್ಕದ ಜೊತೆಗೆ ಲೋಟ ತೊಳೆಯುವ ನೀರಿನ ಲೆಕ್ಕವೂ ಸೇರಿತು.

ಖಾಲಿ ಬಿಟ್ಟ ಜಾಗ

ಈ ವ್ಯಾಪಾರ ಹುಟ್ಟಿದ್ದು ಹೇಗೆ? ಬೆಂಗಳೂರಿನ ಚರಿತ್ರೆಯನ್ನೇ ನೋಡಬಹುದು. 1896ರಲ್ಲಿ, ಅರಸರ ಕಾಲದಲ್ಲಿ, ಹೆಸರಘಟ್ಟದ ಕೆರೆಯಿಂದ ಕೊಳವೆಯಲ್ಲಿ ಊರಿಗೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1964ರಲ್ಲಿ ಜಲಮಂಡಲಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತ. ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರನ್ನು ಮೇಲಕ್ಕೆತ್ತಿ ತಂದರು. ಇಷ್ಟನ್ನೂ ಮಾಡಿದ್ದು ಸಾರ್ವಜನಿಕ ಹಣ, ಸಾರ್ವಜನಿಕ ಇಲಾಖೆ. ಆದುದರಿಂದ ಸರ್ಕಾರಕ್ಕೆ ಈ ಕೆಲಸ ಬಾರದು ಎಂಬ ಮಾತು ಸುಳ್ಳು.

2007ರಲ್ಲಿ ಸುತ್ತಣ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಬಡಾವಣೆಗಳು ಎದ್ದವು, ಮಹಡಿಗಳು ಏರಿದವು, ಆಸ್ತಿ ತೆರಿಗೆ ವಸೂಲಾಯಿತು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವೆ ಹದಿನೇಳು ವರ್ಷ! ತೆರಿಗೆಯ ಚೀಟಿ ಬರುವುದಕ್ಕೆ ತಡವಾಗಲಿಲ್ಲ. ನೀರಿನ ಕೊಳವೆ ಬರುವುದಕ್ಕೆ ಒಂದು ತಲೆಮಾರು ಬೆಳೆದು ನಿಲ್ಲಬೇಕಾಯಿತು. ಆ ಹದಿನೇಳು ವರ್ಷ ಜನ ಏನು ಕುಡಿದರು? ಟ್ಯಾಂಕರಿನ ನೀರು ಕುಡಿದರು. ಟ್ಯಾಂಕರಿನವನು ಯಾರ ಜಾಗವನ್ನೂ ಕಸಿದುಕೊಳ್ಳಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಬಂದು ನಿಂತ. ಖಾಲಿ ಬಿಟ್ಟವರು ಯಾರೆಂಬುದನ್ನು ಕೇಳದೆ, ಬಂದು ನಿಂತವನ ಗುಣಗಾನ ಮಾಡುವುದೂ ತಪ್ಪು, ಅವನನ್ನು ಹೊಡೆಯುವುದೂ ತಪ್ಪು.

2024ರ ಬೇಸಿಗೆಯಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಟ್ಯಾಂಕರಿನ ದರ ಎರಡು ಪಟ್ಟು, ಮೂರು ಪಟ್ಟು ಏರಿತು. ಆಗ ಎಚ್ಚೆತ್ತು, ಟ್ಯಾಂಕರುಗಳೆಲ್ಲ ನೋಂದಣಿ ಮಾಡಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದರು. ಮಾರ್ಚಿನ ಮೊದಲ ದಿನಗಳಲ್ಲಿ ಸರ್ಕಾರ ಕೊಟ್ಟ ಲೆಕ್ಕದಂತೆ 3,500 ಟ್ಯಾಂಕರುಗಳಲ್ಲಿ ನೋಂದಣಿಯಾದದ್ದು 219. ನೂರಕ್ಕೆ ಹತ್ತು ಸಹ ಆಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ನಲ್ಲಿಯಲ್ಲಿ ನೀರಿದ್ದರೆ ದರದ ಆಜ್ಞೆಯೇ ಬೇಡ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಆಜ್ಞೆಯನ್ನು ಕೇಳುವವರಿಲ್ಲ. ಕೈಯಲ್ಲಿ ನೀರಿಲ್ಲದ ಸರ್ಕಾರದ ದರಪಟ್ಟಿ ಗೋಡೆಯ ಮೇಲಿನ ಕಾಗದ ಮಾತ್ರ.

ನೆಲದೊಳಗಿನ ನೀರು ಯಾರದು?

ಸಣ್ಣ ಪೂರೈಕೆದಾರ ನೀರನ್ನು ಪೂರೈಸುತ್ತಾನೆ ಎನ್ನುತ್ತಾರೆ. ಎಲ್ಲಿಂದ? ಅವನು ನೀರನ್ನು ಹುಟ್ಟಿಸುವುದಿಲ್ಲ, ಕೆರೆ ಕಟ್ಟುವುದಿಲ್ಲ, ನದಿಯಿಂದ ತರುವುದಿಲ್ಲ. ನಮ್ಮ ನಿಮ್ಮ ಮನೆಯ ಅಡಿಯಲ್ಲಿ ಹಬ್ಬಿರುವ ಅಂತರ್ಜಲವನ್ನೇ ಒಂದು ತೂತಿನಿಂದ ಎಳೆದು ನಮಗೇ ಮಾರುತ್ತಾನೆ. ಒಬ್ಬನು ಸಾವಿರ ಅಡಿ ಕೊರೆದರೆ ಪಕ್ಕದ ಮುನ್ನೂರು ಅಡಿಯ ಬಾವಿ ಬತ್ತುತ್ತದೆ. ಬೀದಿಯ ಕೈಪಂಪು ಗಾಳಿ ಉಗುಳುತ್ತದೆ. ನಿನ್ನೆ ಪುಕ್ಕಟೆ ನೀರು ಸೇದುತ್ತಿದ್ದವನು ಇಂದು ಗಿರಾಕಿಯಾಗುತ್ತಾನೆ. ಹೀಗೆ ಈ ವ್ಯಾಪಾರ ತನ್ನ ಗಿರಾಕಿಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಇದಕ್ಕೆ ಕಾನೂನಿನ ಆಸರೆಯೂ ಇದೆ. ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ನೆಲದ ಒಡೆಯನದು ಎಂಬ ತತ್ವ 1882ರ ಬ್ರಿಟಿಷರ ಕಾಲದ ಈಸ್‌ಮೆಂಟ್ ಕಾಯಿದೆಯಿಂದ ಬಂದದ್ದು. ಕೊಡ ಹೊತ್ತು ಬಾವಿಯಿಂದ ಸೇದುತ್ತಿದ್ದ ಕಾಲದ ಮಾತನ್ನು ಸಬ್‌ಮರ್ಸಿಬಲ್ ಪಂಪಿನ ಕಾಲದಲ್ಲಿಯೂ ನಡೆಸುತ್ತಿದ್ದೇವೆ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆಯುಂಟು. ಆದರೆ ಊರೂರಿನಲ್ಲಿ ಯಾವ ಕೊಳವೆ ಬಾವಿಯಿಂದ ದಿನಕ್ಕೆ ಎಷ್ಟು ಟ್ಯಾಂಕರ್ ತುಂಬುತ್ತದೆಂದು ನಗರಸಭೆಯ ಕಚೇರಿಯಲ್ಲಿ ಹೋಗಿ ಕೇಳಿ ನೋಡಿರಿ. ಉತ್ತರ ಸಿಕ್ಕರೆ ನಮಗೂ ತಿಳಿಸಿರಿ.

ನೆಲದ ನೀರು ಪೂರ್ತಿ ಮುಗಿದಾಗ ಏನಾಗುತ್ತದೆ? ನಮ್ಮ ಬೀದರಿನ ನೆರೆಯ ಲಾತೂರಿನಲ್ಲಿ 2016ರಲ್ಲಿ ಅದು ನಡೆದುಹೋಯಿತು. ನೀರು ತುಂಬುವ ಕಡೆ ಜನ ಗುಂಪುಗೂಡಬಾರದೆಂದು ಮಾರ್ಚಿನಲ್ಲಿ 144ನೆಯ ಸೆಕ್ಷನ್ ಜಾರಿಮಾಡಿದರು. ಏಪ್ರಿಲಿನಲ್ಲಿ ಮಿರಜಿನಿಂದ ರೈಲಿನಲ್ಲಿ ನೀರು ತಂದರು. ಮೊದಲ ರೈಲಿನಲ್ಲಿ 5 ಲಕ್ಷ ಲೀಟರ್. ಕೊನೆಗೆ ಜನರ ಪ್ರಾಣ ಉಳಿಸಲು ಬಂದದ್ದು ಯಾವ ಖಾಸಗಿ ಪೂರೈಕೆದಾರ? ಸಾರ್ವಜನಿಕ ನದಿಯ ನೀರು, ಸಾರ್ವಜನಿಕ ರೈಲು. ಸುಭಿಕ್ಷದಲ್ಲಿ ಲಾಭ ಖಾಸಗಿಗೆ, ದುರ್ಭಿಕ್ಷದಲ್ಲಿ ಹೊರೆ ಸರ್ಕಾರಕ್ಕೆ ಎಂಬುದು ಯಾವ ಸೀಮೆಯ ಅರ್ಥಶಾಸ್ತ್ರ?

ಪಂಡಿತರ ಉದಾಹರಣೆ

ಈ ಶಾಸ್ತ್ರದ ಪಂಡಿತರು ಹೊರದೇಶದ ಉದಾಹರಣೆಗಳನ್ನು ಕೊಡುತ್ತಾರೆ. ಅವನ್ನು ನಾವು ತಳ್ಳಿಹಾಕುವುದಿಲ್ಲ, ಕಣ್ಣಿಟ್ಟು ಓದುತ್ತೇವೆ. ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ರಾಜಧಾನಿ ಅಸುನ್ಸಿಯೋನ್ ಸುತ್ತಮುತ್ತ ಅಗುವಾತೆರೊ ಎಂಬ ನೂರಾರು ಸಣ್ಣ ನೀರಿನ ವ್ಯಾಪಾರಿಗಳಿದ್ದಾರೆ. ಅವರು ಬಾವಿ ಕೊರೆದು, ತಮ್ಮ ಹಣ ಹಾಕಿ ಬೀದಿ ಬೀದಿಗೆ ಕೊಳವೆ ಎಳೆದು ಮನೆಗಳಿಗೆ ನಲ್ಲಿ ಕೊಟ್ಟರು. ಇದು ನಿಜ, ಮೆಚ್ಚತಕ್ಕದ್ದೂ ಹೌದು. ಆದರೆ ಅವರು ಕೊಳವೆ ಹಾಕಿದರು ಎಂಬುದನ್ನು ಗಮನಿಸಿರಿ. ನಮ್ಮ ಟ್ಯಾಂಕರು ಎಷ್ಟು ವರ್ಷ ಓಡಿದರೂ ಬೀದಿಯಲ್ಲಿ ಒಂದು ಅಡಿ ಕೊಳವೆ ಉಳಿಯುವುದಿಲ್ಲ. ರಸ್ತೆಯಲ್ಲಿ ಗುಂಡಿ ಉಳಿಯುತ್ತದೆ. ಅಲ್ಲಿಯೂ ನೆಲದಡಿಯ ಜಲಭಂಡಾರ ಮಿತಿಮೀರಿದ ಸೆಳೆತಕ್ಕೂ ಕಲ್ಮಶಕ್ಕೂ ಸಿಕ್ಕಿದೆ.

ಕೀನ್ಯಾ ದೇಶದ ಕಿಸುಮು ನಗರದಲ್ಲಿ ಇನ್ನೊಂದು ಏರ್ಪಾಡು. ಅಲ್ಲಿ ನಗರದ ನೀರಿನ ಸಂಸ್ಥೆ ಬಡವರ ಬಡಾವಣೆಯ ಅಂಚಿಗೆ ತನ್ನ ದೊಡ್ಡ ಕೊಳವೆಯನ್ನು ತಂದು, ಮೀಟರ್ ಇಟ್ಟು, ಅಲ್ಲಿಂದಾಚೆ ಮನೆಮನೆಗೆ ಹಂಚುವ ಕೆಲಸವನ್ನು ಸ್ಥಳೀಯ ಗುಂಪುಗಳಿಗೂ ಸಣ್ಣವರಿಗೂ ಒಪ್ಪಿಸುತ್ತದೆ. ನೀರು ಸಾರ್ವಜನಿಕರದು, ಹಂಚುವ ಕೈ ಸಣ್ಣವನದು. ಇದರಲ್ಲಿ ನಮಗೆ ಹೊಸತೇನೂ ಕಾಣುವುದಿಲ್ಲ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ. ಸರದಿಯಂತೆ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುತ್ತಿದ್ದ. ಊರವರು ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆಯುತ್ತಿದ್ದರು. ನೀರಗಂಟಿ ಸಣ್ಣವನೇ, ಆದರೆ ಕೆರೆ ಅವನದಲ್ಲ, ಊರಿನದು. ಸಣ್ಣವನ ಪಾತ್ರ ಏನೆಂದು ಕೇಳುವವರಿಗೆ ನಮ್ಮ ಉತ್ತರ ಇದೇ: ಅವನು ಊರಿನ ನೀರಗಂಟಿಯಾಗಲಿ, ನೀರಿನ ಒಡೆಯನಾಗುವುದು ಬೇಡ.

ಸಣ್ಣವನ ಬೆನ್ನ ಹಿಂದೆ ದೊಡ್ಡವನು

ಈ ಶಾಸ್ತ್ರದಲ್ಲಿ ಇನ್ನೊಂದು ಒಳಗುಟ್ಟು ಅಡಗಿದೆ. ಸರ್ಕಾರದ ಕೈಯಲ್ಲಿ ಆಗುವುದಿಲ್ಲ, ಖಾಸಗಿಯವರಿಂದಲೇ ಆಗುತ್ತದೆ ಎಂಬ ಮಾತು ಜನರ ಬಾಯಲ್ಲಿ ಒಮ್ಮೆ ನಿಂತರೆ, ಬಾಗಿಲು ತೆರೆಯುವುದು ಟ್ಯಾಂಕರಿನ ಸಣ್ಣವನಿಗಲ್ಲ, ದೊಡ್ಡ ಕಂಪೆನಿಗೆ. ಹುಬ್ಬಳ್ಳಿ ಧಾರವಾಡದ ಕಥೆಯನ್ನು ನೋಡಿರಿ. ನೀರು ಹಲವು ದಿನಕ್ಕೊಮ್ಮೆ ಬರುತ್ತಿದ್ದ ಆ ಅವಳಿ ನಗರದಲ್ಲಿ 2003ರಲ್ಲಿ ನೀರಿನ ಕೆಲಸ ಪಾಲಿಕೆಯ ಕೈಯಿಂದ ರಾಜ್ಯ ಮಂಡಳಿಗೆ ಹೋಯಿತು. ವಿಶ್ವಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ, ಸುಮಾರು ಹತ್ತರಲ್ಲಿ ಒಂದು ಪಾಲು ಜನರಿಗೆ, ಫ್ರಾನ್ಸಿನ ವಿಯೋಲಿಯಾ ಕಂಪೆನಿಯ ನಿರ್ವಹಣೆಯಲ್ಲಿ 2008ರಲ್ಲಿ ದಿನವಿಡೀ ನೀರು ಬಂತು. ಉಳಿದ ಒಂಬತ್ತು ಪಾಲಿನವರು ಕೊಡ ಸಾಲಿಟ್ಟುಕೊಂಡು ವರ್ಷಗಟ್ಟಲೆ ಕಾದರು. ಆಮೇಲೆ ಇಡೀ ನಗರದ ಕೆಲಸ ಇನ್ನೊಂದು ದೊಡ್ಡ ಕಂಪೆನಿಗೆ, ಎಲ್ ಅಂಡ್ ಟಿಗೆ, ಗುತ್ತಿಗೆಯಾಯಿತು.

ದಿನವಿಡೀ ನೀರು ಬಂದದ್ದನ್ನು ನಾವು ಹಳಿಯುವುದಿಲ್ಲ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ರೋಗವಿದೆ. ಕೊಳವೆ ಖಾಲಿಯಾದಾಗ ಸುತ್ತಣ ಚರಂಡಿಯ ಕೊಳಕು ಬಿರುಕಿನಿಂದ ಒಳಕ್ಕೆ ಸೇರುತ್ತದೆ. ಕೊಳವೆ ಸದಾ ತುಂಬಿರಬೇಕು. ಆದರೆ ಅಲ್ಲಿ ಹೊಸ ಕೊಳವೆಗೆ ಹಣ ಹಾಕಿದವರು ಯಾರು? ಸಾಲ ಸರ್ಕಾರದ್ದು, ತೀರಿಸುವವರು ಜನ. ನದಿ ಜನರದು, ಹಣ ಜನರದು, ಸಾಲ ಜನರದು. ಹಾಗಾದರೆ ಅದೇ ಹಣವನ್ನೂ ಅದೇ ಎಂಜಿನಿಯರುಗಳನ್ನೂ ಪಾಲಿಕೆಗೇ ಕೊಟ್ಟು, ಲೆಕ್ಕ ಕೇಳಿ ಕೆಲಸ ತೆಗೆಯಲು ಅಡ್ಡಿಯೇನಿತ್ತು? ನೀರು ಸರಬರಾಜು ಪೌರಸಂಸ್ಥೆಗಳಿಗೆ ಸೇರತಕ್ಕ ವಿಷಯವೆಂದು 74ನೆಯ ತಿದ್ದುಪಡಿಯ ನಂತರ ಸಂವಿಧಾನದ ಹನ್ನೆರಡನೆಯ ಪರಿಶಿಷ್ಟದಲ್ಲಿ ಬರೆದಿದೆ. ಬರೆದದ್ದು 1992ರಲ್ಲಿ. ಬರೆದವರೇ ಅದನ್ನು ಓದುವುದನ್ನು ಬಿಟ್ಟಿದ್ದಾರೆ.

ನಾವು ಕೇಳುವುದೇನು?

ಬರಿಯ ಖಂಡನೆಯಿಂದ ಕೊಡ ತುಂಬುವುದಿಲ್ಲ. ನಮ್ಮ ಬೇಡಿಕೆಗಳು ಇವು:

ಒಂದು: ತೆರಿಗೆ ವಸೂಲು ಮಾಡುವ ಪ್ರತಿ ಬೀದಿಗೂ ಕೊಳವೆ ಬರುವ ತಾರೀಖನ್ನು ನಗರಸಭೆ ಬರೆದು ಪ್ರಕಟಿಸಲಿ. ಪಟ್ಟಾ ಇಲ್ಲ, ನಕ್ಷೆ ಮಂಜೂರಾಗಿಲ್ಲ ಎಂಬ ನೆಪದಿಂದ ಕೊಳಗೇರಿಯನ್ನೂ ವಠಾರವನ್ನೂ ಬಿಡಕೂಡದು. ಸಂಪರ್ಕದ ಶುಲ್ಕವನ್ನು ಬಡವರಿಂದ ಕಂತಿನಲ್ಲಿ ತೆಗೆದುಕೊಳ್ಳಲಿ.

ಎರಡು: ಕೊಳವೆ ಬರುವ ತನಕ ಟ್ಯಾಂಕರುಗಳನ್ನು ನಗರಸಭೆಯೇ ಬಾಡಿಗೆಗೆ ಹಿಡಿಯಲಿ. ಬಾಡಿಗೆ ನಗರಸಭೆ ಕೊಡಲಿ, ನೀರು ನಗರಸಭೆಯ ದರದಲ್ಲಿ ಸಿಗಲಿ. ಬೆಂಗಳೂರು ಜಲಮಂಡಲಿ 2025ರಲ್ಲಿ ಸಂಚಾರಿ ಕಾವೇರಿ ಎಂದು ತನ್ನ ಹೆಸರಿನಲ್ಲೇ ಟ್ಯಾಂಕರ್ ನೀರು ಕೊಡಲು ಹೊರಟಿತು; ಮನಸ್ಸಿದ್ದರೆ ಮಾಡಬಹುದೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಆದರೆ ಸಂಪುಳ್ಳವನಿಗೆ ಮಾತ್ರವಲ್ಲ, ಕೊಡವುಳ್ಳವನಿಗೂ ಮೊದಲ ಸರದಿ ಸಿಗಬೇಕು.

ಮೂರು: ಮಾರಾಟಕ್ಕೆ ನೀರೆತ್ತುವ ಪ್ರತಿ ಕೊಳವೆ ಬಾವಿಗೂ ಮೀಟರ್ ಹಾಕಲಿ, ದಿನಕ್ಕೆ ಇಷ್ಟೆಂದು ಮಿತಿ ಗೊತ್ತುಮಾಡಲಿ. ದಂಡ ಬೀಳಬೇಕಾದದ್ದು ಮೊದಲು ಬಾವಿಯ ಧಣಿಗೆ, ಡ್ರೈವರಿಗಲ್ಲ.

ನಾಲ್ಕು: ಟ್ಯಾಂಕರಿನ ನೀರು, ಕ್ಯಾನಿನ ನೀರು, ಶುದ್ಧ ನೀರಿನ ಘಟಕದ ನೀರು, ನಲ್ಲಿಯ ನೀರು, ಎಲ್ಲವನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ವಾರ್ಡಿನ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ.

ಐದು: ಕೊಳವೆ ಬಂದ ದಿನ ಟ್ಯಾಂಕರಿನ ಡ್ರೈವರೂ ಕ್ಯಾನು ಹೊರುವ ಹುಡುಗನೂ ಬೀದಿಪಾಲಾಗಬಾರದು. ವಾಲ್ವ್ ತಿರುಗಿಸಲು, ಸೋರಿಕೆ ಹುಡುಕಲು, ಮೀಟರ್ ಓದಲು ಕೈಗಳು ಬೇಕು. ಆ ಕೆಲಸ ಇವರಿಗೆ ಮೊದಲು ಸಿಗಲಿ.

ಗಿರಣಿಯ ಕೆಲಸಗಾರ ಬಂಧುಗಳೇ, ಅಂಗಡಿಕಾರ ಮಿತ್ರರೇ! ಒಂದು ಕಾಲಕ್ಕೆ ಈ ದೇಶದಲ್ಲಿ ನೀರಿನ ಪ್ರಶ್ನೆ ಯಾರು ಮುಟ್ಟಬಹುದು ಎಂಬುದಾಗಿತ್ತು. 1927ರಲ್ಲಿ ಮಹಾಡದ ಚೌದಾರ ಕೆರೆಯ ನೀರನ್ನು ಮುಟ್ಟಿ ಕುಡಿದು ಅಂಬೇಡ್ಕರರೂ ಅವರ ಸಂಗಡಿಗರೂ ಸಾರ್ವಜನಿಕ ನೀರು ಸರ್ವರದೆಂದು ಸಾರಿದರು. ಆ ಹೋರಾಟ ಮುಗಿಯುವ ಮೊದಲೇ ಇನ್ನೊಂದು ಬೇಲಿ ಎದ್ದಿದೆ: ಹಣವುಳ್ಳವನು ಮುಟ್ಟಬಹುದು. ಬೇಸಿಗೆಯಲ್ಲಿ ದಾರಿಹೋಕನಿಗೆ ಅರವಟ್ಟಿಗೆ ಇಟ್ಟು ಪುಕ್ಕಟೆ ನೀರು ಕೊಟ್ಟ ಜನ ನಾವು. ಇಂದು ಸ್ವಂತ ಊರಿನಲ್ಲಿ ನೀರಿಗೆ ಗಿರಾಕಿಗಳಾಗಿ ನಿಂತಿದ್ದೇವೆ.

ನಾಳೆ ಟ್ಯಾಂಕರು ಬಂದಾಗ ಡ್ರೈವರನ ಜೊತೆ ಜಗಳವಾಡಬೇಡಿರಿ. ನೀರಿನ ಚೀಟಿಗಳನ್ನು ಇಟ್ಟುಕೊಳ್ಳಿರಿ. ಚೀಟಿ ಕೊಡದಿದ್ದರೆ ತಾರೀಖು, ಲೀಟರು, ಕೊಟ್ಟ ಹಣ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಬೀದಿಗೊಬ್ಬರಂತೆ ಅವುಗಳನ್ನು ಕೂಡಿಸಿರಿ. ಇಡೀ ವಾರ್ಡು ಒಂದು ವರ್ಷಕ್ಕೆ ನೀರಿಗೆ ಸುರಿದ ಹಣದ ಮೊತ್ತವನ್ನು ದೊಡ್ಡಕ್ಷರದಲ್ಲಿ ಬರೆದು ನಗರಸಭೆಯ ಬಾಗಿಲಿಗೆ ಹೋಗೋಣ. ಹಣವಿಲ್ಲದ್ದರಿಂದ ಕೊಳವೆ ಹಾಕಲಿಲ್ಲ ಎಂದು ಅಲ್ಲಿ ಹೇಳುವವರಿಗೆ ಆ ಮೊತ್ತವನ್ನು ತೋರಿಸೋಣ. ಹಣ ಊರಿನಲ್ಲಿಯೇ ಇತ್ತು, ನಾವೇ ಕೊಟ್ಟೆವು, ಅದು ಹೋದ ದಾರಿ ಮಾತ್ರ ಬೇರೆ.